ಮಷೀನು ಕರೆದ ಊಟ

ಶಿಕಾರಿಪುರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ಕೊಟ್ರೇಶ್ ಅವರಿಗೆ ದೇವರು ಕೊಟ್ಟ ದೊಡ್ಡ ಆಸ್ತಿ ಎಂದರೆ ಒಂದೇ ಒಂದು ಮಾತು: "ಅದೇನ್ ಮಹಾ." ಯಾರ ಮನೆಯಲ್ಲಿ ಏನೇ ಕೆಟ್ಟು ನಿಂತಿರಲಿ, ಅದಕ್ಕೊಂದು ವೈರು ಇದ್ದರೆ ಸಾಕು, ಈ ಮಾತು ಅವರ ಬಾಯಿಂದ ತಾನಾಗಿ ಹೊರಬೀಳುತ್ತಿತ್ತು. ಹಿಂದೊಮ್ಮೆ ಯಾರದೋ ಮದುವೆಯಲ್ಲಿ ಕೈಕೊಟ್ಟ ಮೈಕನ್ನು ಅವರು ತಟ್ಟಿದ್ದೂ, ಹೋಗಿದ್ದ ಕರೆಂಟು ಬಂದದ್ದೂ ಒಂದೇ ಗಳಿಗೆಯಲ್ಲಿ ನಡೆದುಹೋಗಿ, ಅಂದಿನಿಂದ ಬೀದಿಯವರು ಅವರನ್ನು ಅರ್ಧ ಎಂಜಿನಿಯರು ಎಂದೇ ನಂಬಿದ್ದರು. ಪಕ್ಕದ ಮನೆಯ ಹುಚ್ಚರಾಯಪ್ಪನವರ ಕಾಲಿಂಗ್ ಬೆಲ್ಲನ್ನು ಅವರು ರಿಪೇರಿ ಮಾಡಿಕೊಟ್ಟ ಮೇಲೆ ಹೊರಗೆ ಬೆಲ್ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತಿತ್ತು. ಹುಚ್ಚರಾಯಪ್ಪ ಅದಕ್ಕೂ ಒಗ್ಗಿಕೊಂಡಿದ್ದರು. ಫ್ಯಾನು ತಿರುಗಿತೆಂದರೆ ಯಾರೋ ಬಂದಿದ್ದಾರೆ ಎಂದು ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದರು.

ಹೆಂಡತಿ ನೀಲಾಂಬಿಕ ಮಾತ್ರ ಮನೆಯ ಮಿಕ್ಸಿಯನ್ನು ಗಂಡನ ಕಣ್ಣಿಗೆ ಬೀಳದ ಹಾಗೆ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ಜೊತೆಯಲ್ಲಿ ಸಂಸಾರ ಮಾಡಿದವರಿಗೆ ಗೊತ್ತಿರುವುದು ಬೀದಿಗೆ ಎಲ್ಲಿ ಗೊತ್ತಾಗುತ್ತದೆ?

ಹೀಗೆ ಎಲ್ಲರೂ ಸುಖವಾಗಿದ್ದಾಗ ಮಗಳು ಗಂಗಾಶ್ರೀಗೆ ಸೊರಬದಿಂದ ಒಂದು ಸಂಬಂಧ ಬಂತು. ಹುಡುಗನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಹುಡುಗನ ತಂದೆ ಪರಮಶಿವಪ್ಪ ರೈತರ ಸಹಕಾರ ಸಂಘದ ಅಧ್ಯಕ್ಷರು, ಕೊಟ್ಟ ಮಾತಿಗೆ ತಪ್ಪದ ಮನುಷ್ಯ ಎಂದು ಹೆಸರಾದವರು. ಅವರು ಬಂದು ಹೆಣ್ಣು ನೋಡಿಕೊಂಡು ಹೋದರು. ಗಂಗಾಶ್ರೀಗೆ ಹುಡುಗ ಹಿಡಿಸಿದ್ದ, ಅವನಿಗೂ ಇವಳು ಹಿಡಿಸಿದ್ದಳು ಎಂಬುದು ಇಬ್ಬರ ಫೋನುಗಳಿಗೂ ಆಗಲೇ ಗೊತ್ತಿತ್ತು. ಇನ್ನು ಹೆಣ್ಣಿನ ಕಡೆಯವರು ಹೋಗಿ ಮನೆ ನೋಡಿಕೊಂಡು ಬರುವ ಶಾಸ್ತ್ರ. ಅದೊಂದಾದರೆ ಮಾತು ಗಟ್ಟಿಯಾದಂತೆ ಎಂದು ಕೊಟ್ರೇಶ್ ಗರಿಗರಿ ಪಂಚೆ ಉಟ್ಟು ಹೆಂಡತಿಯೊಡನೆ ಸೊರಬದ ಬಸ್ಸು ಹತ್ತಿದರು.

ಪರಮಶಿವಪ್ಪನವರ ಮನೆ ದೊಡ್ಡದು. ಆದರೆ ನೋಡುವುದಕ್ಕೆ ಏನೂ ಕಾಣಿಸುತ್ತಿರಲಿಲ್ಲ, ಏಕೆಂದರೆ ಪಡಸಾಲೆಯ ತುಂಬ ಜನ ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಇವತ್ತು ಇವರ ಮನೆಯಲ್ಲಿ ಏನೋ ವಿಶೇಷವಿರಬೇಕು ಎಂದುಕೊಂಡ ಕೊಟ್ರೇಶ್, ತಮಗೂ ಎಲೆ ಹಾಕಿ ಕೂರಿಸಿದ ಮೇಲೆ ಪಕ್ಕದ ಎಲೆಯವರನ್ನು ಯಾವ ಕಡೆಯ ನೆಂಟರು ಎಂದು ವಿಚಾರಿಸಿದರು. ತಾವು ನೆಂಟರಲ್ಲ, ಕುಪ್ಪಗಡ್ಡೆಯ ರೈತರು, ಸಂಘಕ್ಕೆ ಫೋನು ಮಾಡಿದ್ದೆವು, ಅಧ್ಯಕ್ಷರೇ ಊಟಕ್ಕೆ ಕರೆದರು ಎಂದು ಅವರು ಹೇಳಿದರು. ಅವರಾಚೆ ಕೂತವರು ಕುಬಟೂರಿನವರು. ಅವರನ್ನೂ ಅಧ್ಯಕ್ಷರೇ ಕರೆದಿದ್ದರು.

ವಿಷಯವನ್ನು ಬಿಡಿಸಿ ಹೇಳಿದವರು ಸಂಘದ ಕಾರ್ಯದರ್ಶಿ ಚನ್ನೇಶ್. ಸಂಘದ ಫೋನನ್ನು ಎತ್ತುವುದು ಮನುಷ್ಯರಲ್ಲ, ಒಂದು ಮಷೀನು. ವಾಯ್ಸ್‌ಮೇಲ್ ಸರ್ವರ್ ಎಂದು ಅದರ ಹೆಸರು. ಎಲ್ಲೋ ಮುಚ್ಚಿಹೋದ ಒಂದು ಲಾಡ್ಜಿನ ಹರಾಜಿನಲ್ಲಿ ಸಂಘದ ಹಿಂದಿನವರು ಅದನ್ನು ತಂದಿದ್ದರು. ಯೂರಿಯಾ ಬಂದಿದೆ, ಬೀಜ ಬಂದಿದೆ, ನಾಲೆಗೆ ನೀರು ಬಿಟ್ಟಿದ್ದಾರೆ ಎಂದು ಅಧ್ಯಕ್ಷರು ಅದರಲ್ಲಿ ಹೇಳಿಟ್ಟರೆ, ಫೋನು ಮಾಡಿದವರಿಗೆಲ್ಲ ಅದು ಅಧ್ಯಕ್ಷರ ದನಿಯಲ್ಲೇ ಒಪ್ಪಿಸುತ್ತಿತ್ತು. ರೈತರು ತಮಗೆ ಬೇಕಾದ್ದನ್ನು ಅದರಲ್ಲೇ ಹೇಳಿಯೂ ಇಡಬಹುದಿತ್ತು. ಅದರ ನಂಬರನ್ನು ಹಳ್ಳಿಹಳ್ಳಿಯ ಗೋಡೆಗಳ ಮೇಲೆ ಬರೆಸಿದ್ದರು. ಹೀಗಿರುವಾಗ ಸಂಘದ ಮಹಾಸಭೆ ಬಂತು. ಪರಮಶಿವಪ್ಪ ತುಂಬು ಮನಸ್ಸಿನಿಂದ, "ನಾಳೆ ಮಧ್ಯಾಹ್ನ ಮಹಾಸಭೆ. ಬಂದವರಿಗೆಲ್ಲ ನಮ್ಮ ಮನೆಯಲ್ಲೇ ಊಟ. ಯಾರೂ ತಪ್ಪಿಸಬಾರದು" ಎಂದು ಹೇಳಿಟ್ಟರು. ಆ ಸಂಜೆಯೇ ಒಂದು ಸಿಡಿಲು ಬಡಿದು ಮಷೀನಿನ ಬುದ್ಧಿ ಅಲ್ಲೇ ನಿಂತುಬಿಟ್ಟಿತು. ಫೋನಿನ ಗುಂಡಿ ಒತ್ತಿ ಮಾತು ಬದಲಾಯಿಸುವ ದಾರಿ ಮುಚ್ಚಿಹೋಯಿತು. ಮಹಾಸಭೆ ಮುಗಿದು ಎಷ್ಟೋ ದಿನ ಕಳೆದರೂ ಮಷೀನು ದಿನವೂ ನಾಳೆಯ ಊಟಕ್ಕೆ ಕರೆಯುತ್ತಲೇ ಇತ್ತು.

ಆಫ್ ಮಾಡೋಣವೆಂದರೆ ಸಂಘದ ಫೋನುಗಳೆಲ್ಲ ಅದರ ಹೊಟ್ಟೆಯೊಳಗಿಂದಲೇ ಹೋಗಬೇಕು. ಮಷೀನು ಕೆಟ್ಟಿದೆ, ಊಟವಿಲ್ಲ ಎಂದು ಬಾಗಿಲಿಗೆ ಬೋರ್ಡು ಹಾಕೋಣವೆಂದರೆ ಪರಮಶಿವಪ್ಪ ಒಪ್ಪಲಿಲ್ಲ.

"ಕರೆದಿದ್ದು ನನ್ನ ದನಿ ಮಾರಾಯ್ರೆ," ಎಂದರು ಅವರು. "ಬಂದವರಿಗೆ ಅದು ಸುಳ್ಳು ಅಂತ ಹ್ಯಾಂಗೆ ಹೇಳೂದು? ಊಟದ ಹೊತ್ತಿಗೆ ಹೊಸ್ತಿಲು ದಾಟಿದವರನ್ನ ಬರಿಹೊಟ್ಟೇಲಿ ಕಳಿಸಿದ ಮನೆ ಅಲ್ಲ ಇದು."

ಅವರ ಈ ದೊಡ್ಡ ಮಾತಿಗೆ ಒಲೆಯ ಮುಂದೆ ಬೇಯುತ್ತಿದ್ದವರು ಅವರ ತಾಯಿ ಮೂಕಮ್ಮ ಮತ್ತು ಮನೆಯ ಹೆಂಗಸರು. ಹೆಸರಿಗೆ ಮೂಕಮ್ಮನಾದರೂ ಆ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಅವರದೇ. ಅಂಥವರೂ ಈ ವಿಷಯದಲ್ಲಿ ಬಾಯಿ ಬಿಟ್ಟಿರಲಿಲ್ಲ, ಸೌಟಿನ ಸದ್ದು ಮಾತ್ರ ಸ್ವಲ್ಪ ಜೋರಾಗಿತ್ತು.

ಲಾಡ್ಜಿನ ಹಳೆಯ ಮ್ಯಾನೇಜರು ಹೇಳಿದ್ದ ಒಂದು ಉಪಾಯವನ್ನು ಚನ್ನೇಶ್ ನೆನಪಿಸಿಕೊಂಡರು. ಮಷೀನಿನ ಬೆನ್ನಲ್ಲಿ ಒಂಬತ್ತು ತೂತಿನ ಒಂದು ಜಾಗವಿದೆ, ಅಲ್ಲಿಗೆ ಟರ್ಮಿನಲ್ ಎಂಬ ಹಳೇ ಕಾಲದ ಪರದೆ-ಕೀಲಿಮಣೆ ಜೋಡಿಸಿದರೆ ಒಳಗಿನದೆಲ್ಲ ಬದಲಾಯಿಸಬಹುದಂತೆ. ಆದರೆ ಅದನ್ನು ಬಲ್ಲವರು ಈ ಸೀಮೆಯಲ್ಲಿ ಯಾರಿದ್ದಾರೆ ಎಂದು ಚನ್ನೇಶ್ ನಿಟ್ಟುಸಿರುಬಿಟ್ಟರು.

ಕೊಟ್ರೇಶ್ ಅವರ ಬಾಯಲ್ಲಿ ಆಗ ಹೋಳಿಗೆ ಇತ್ತು. ಹೋಳಿಗೆ ಇದ್ದಾಗಲಾದರೂ ಸುಮ್ಮನಿರಬಹುದಿತ್ತು.

"ಅದೇನ್ ಮಹಾ," ಎಂದುಬಿಟ್ಟರು. "ಅಂಥವು ಎಷ್ಟೋ ನೋಡೀನಿ. ನನಗೆ ಬಿಡ್ರಿ."

ನೀಲಾಂಬಿಕ ಎಲೆಯ ಮೇಲೆ ಕೈ ಇಟ್ಟಹಾಗೆಯೇ ಕಣ್ಣು ಮುಚ್ಚಿಕೊಂಡರು. ಪರಮಶಿವಪ್ಪನವರ ಮುಖ ಅರಳಿತು. ಹಾಗಾದರೆ ಮೊದಲು ಇದೊಂದು ಮುಗಿಯಲಿ ಬೀಗರೇ, ಮಿಕ್ಕ ಮಾತು ಆಮೇಲೆ ಕೂತು ಆಡೋಣ ಎಂದು ಅವರು ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಕೊಟ್ರೇಶ್ ಆ ಮಾತನ್ನು ತಿರುವಿ ತಿರುವಿ ಹಾಕಿ ನೋಡಿದರು. ಎಲ್ಲ ಕಡೆಯಿಂದಲೂ ಅದಕ್ಕೆ ಒಂದೇ ಅರ್ಥ ಕಂಡಿತು. ಮಷೀನು ಸರಿಹೋದರೆ ಮದುವೆ, ಇಲ್ಲದಿದ್ದರೆ ಇಲ್ಲ. ಮಗಳ ಬಾಳು ಒಂಬತ್ತು ತೂತಿಗೆ ಬಂದು ನಿಂತಿತ್ತು. ಮನೆಗೆ ಬಂದಮೇಲೆ, ನಿಮಗೆ ಅದರದ್ದೇನಾದರೂ ಗೊತ್ತೇನ್ರಿ ಎಂದು ನೀಲಾಂಬಿಕ ಕೇಳಿದರು. ಗೊತ್ತು ಮಾಡಿಕೊಳ್ಳಬೇಕು ಎಂದರು ಕೊಟ್ರೇಶ್. ಗೊತ್ತಿಲ್ಲ ಅಂತ ಅವರಿಗೆ ಹೇಳಿಬಿಡಿ ಅಪ್ಪಾ, ಅವರೇನೂ ತಿಳ್ಕೊಳ್ಳಲ್ಲ ಎಂದಳು ಗಂಗಾಶ್ರೀ. ಅಂಗಡಿಗೆ ಬೀಗ ಹಾಕಿ ಕಾಶಿಗೆ ಹೋಗಿಬಿಡಿ ಎಂದು ಅವಳು ಹೇಳಿದ್ದರೂ ಕೊಟ್ರೇಶ್ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಈ ವಯಸ್ಸಿಗೆ ಬಂದು ಗೊತ್ತಿಲ್ಲ ಎನ್ನುವುದು ಅವರ ವಂಶದಲ್ಲೇ ಇರಲಿಲ್ಲ.

ಗುಜರಿಯ ಮಾಳೇಶನ ಅಂಗಡಿಯಲ್ಲಿ ಹಳೇ ಟೈರುಗಳ ಕೆಳಗೆ ಒಂದು ಟರ್ಮಿನಲ್ ಸಿಕ್ಕಿತು. ಕಪ್ಪು ಪರದೆ, ಹಸಿರು ಅಕ್ಷರ, ತೂಕ ಮಾತ್ರ ಎರಡು ಹೊರೆಯಷ್ಟು. ಕೊಟ್ರೇಶ್ ಅದಕ್ಕೆ ತಮ್ಮ ಶಾಲು ಹೊದಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಶಾಲಿನೊಳಗೆ ಇರುವುದು ಯಾವ ದೇವರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈಮುಗಿದರು. ಕಂಡಕ್ಟರು ದೇವರಿಗೆ ಲಗೇಜು ಹಾಕುವುದೋ ಬೇಡವೋ ಎಂದು ಯೋಚಿಸಿ ಬಿಟ್ಟುಬಿಟ್ಟರು. ತಪ್ಪು ತಿಳಿವಳಿಕೆಯಿಂದ ಲಾಭವಾಗುವಾಗ ತಿದ್ದಬಾರದು ಎಂದು ಕೊಟ್ರೇಶ್ ಅವರೂ ಸುಮ್ಮನಿದ್ದರು.

ಪರಮಶಿವಪ್ಪನವರ ಪಡಸಾಲೆಯ ಪಕ್ಕದ ಕೋಣೆಯೇ ಸಂಘದ ಕಚೇರಿ. ಊಟಕ್ಕೆ ಬಂದವರೆಲ್ಲ ಕೈತೊಳೆದು ಬಾಗಿಲಲ್ಲಿ ಗುಂಪಾದರು. ಕೊಟ್ರೇಶ್ ಪಂಚೆ ಎತ್ತಿ ಕಟ್ಟಿ, ಮಾಳೇಶ ಕೊಟ್ಟಿದ್ದ ಕೇಬಲ್ಲಿನ ಒಂದು ತುದಿಯನ್ನು ಮಷೀನಿಗೂ ಇನ್ನೊಂದು ತುದಿಯನ್ನು ಟರ್ಮಿನಲ್ಲಿಗೂ ಚುಚ್ಚಿ, ಸ್ವಿಚ್ಚು ಹಾಕಿದರು. ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಮಿಣುಕತೊಡಗಿತು. ಬೇರೆ ಏನೂ ಬರಲಿಲ್ಲ. ಬಿಸಿಯಾಗಬೇಕು ಎಂದರು ಕೊಟ್ರೇಶ್. ಎಲ್ಲರೂ ಕಾದರು. ಕುಪ್ಪಗಡ್ಡೆಯವರು ಎಲೆಅಡಿಕೆ ಹಾಕಿಕೊಂಡು, ಟಿ.ವಿ.ಯಲ್ಲಿ ಬರುವ ಧಾರಾವಾಹಿಗಿಂತ ಇದೇ ವಾಸಿ, ಯಾರೂ ಅಳುವುದಿಲ್ಲ ಎಂದು ಮಾತಾಡಿಕೊಂಡರು. ಹೊತ್ತು ಇಳಿದರೂ ಚುಕ್ಕೆ ಒಂದಕ್ಕೆರಡಾಗಲಿಲ್ಲ. ಕೊನೆಗೆ ಕೊಟ್ರೇಶ್ ಎದ್ದು, ಇವತ್ತಿಗೆ ಇಷ್ಟೇ, ಹಳೇ ಮಷೀನಿಗೆ ಒಂದೇ ದಿನ ಜಾಸ್ತಿ ಒತ್ತಡ ಕೊಡಬಾರದು ಎಂದು ಘೋಷಿಸಿದರು. ಅದು ನಿಜವಿರಬೇಕು ಎಂದು ಜನರು ತಲೆದೂಗಿದರು, ಏಕೆಂದರೆ ಅವರಿಗೆ ನಾಳೆಯೂ ಬರುವುದಿತ್ತು.

ಆ ರಾತ್ರಿ ಊಟ ಸೇರದೆ ಕೂತಿದ್ದ ಅಪ್ಪನ ಮುಂದೆ ಗಂಗಾಶ್ರೀ ತನ್ನ ಫೋನು ಹಿಡಿದಳು. ಅದರಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಇಂಥದೇ ಟರ್ಮಿನಲ್ಲನ್ನು ಬಿಚ್ಚಿ ತೋರಿಸುತ್ತಿದ್ದ. ಎರಡೂ ಕಡೆಯ ಮಾತಾಡುವ ತಂತಿ ಒಂದಕ್ಕೊಂದು ಎದುರಾದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರು ಯಾರೂ ಇರುವುದಿಲ್ಲ, ಒಬ್ಬರ ಮಾತಿನ ತಂತಿ ಇನ್ನೊಬ್ಬರ ಕಿವಿಯ ತಂತಿಗೆ ಹೋಗಬೇಕು, ಅದಕ್ಕೆ ಅಡ್ಡ ಬದಲಿಸಿದ ಕೇಬಲ್ಲೇ ಬೇರೆ ಎಂದು ಗಂಗಾಶ್ರೀ ಅರ್ಥ ಹೇಳಿದಳು. ಎರಡು ಕಡೆಯವರು ಮಾತಾಡುವ ವೇಗವೂ ಹೊಂದಬೇಕಂತೆ. ಇದೆಲ್ಲ ನಿನಗೆ ಯಾರು ಹೇಳಿದ್ದು ಎಂದು ಕೊಟ್ರೇಶ್ ಕೇಳಿದರು. ಯಾರೋ ಕಳಿಸಿದ್ರು ಎಂದಳು. ಸೊರಬದ ಟ್ರ್ಯಾಕ್ಟರ್ ಅಂಗಡಿಯಲ್ಲಿ ಆ ಹೊತ್ತಿನಲ್ಲಿ ಯಾರು ಎಚ್ಚರವಿದ್ದರು ಎಂದು ಕೇಳಲು ಕೊಟ್ರೇಶ್ ಅವರಿಗೆ ಹೊಳೆಯಲಿಲ್ಲ. ನೀಲಾಂಬಿಕ ಅವರಿಗೆ ಹೊಳೆದಿತ್ತು. ಅವರು ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಮಾರನೆಯ ದಿನ ಟಿ.ವಿ. ರಿಪೇರಿಯವನ ಹತ್ತಿರ ಕೇಬಲ್ಲಿನ ತಂತಿಗಳನ್ನು ಅಡ್ಡ ಬದಲಿಸಿ ಬೆಸುಗೆ ಹಾಕಿಸಿಕೊಂಡು ಕೊಟ್ರೇಶ್ ಮತ್ತೆ ಸೊರಬಕ್ಕೆ ಹೋದರು. ಸುದ್ದಿ ಹಬ್ಬಿ ಜನ ಹೆಚ್ಚಾಗಿದ್ದರು. ಊಟಕ್ಕೆ ಬಂದವರ ಜೊತೆಗೆ, ಊಟ ಮಾಡಿಕೊಂಡೇ ಬಂದು ನೋಡಲು ನಿಂತವರೂ ಇದ್ದರು. ಕೊಟ್ರೇಶ್ ಕೇಬಲ್ಲು ಚುಚ್ಚಿ ಸ್ವಿಚ್ಚು ಹಾಕಿದ ಕೂಡಲೆ ಪರದೆಯ ತುಂಬ ಹಸಿರು ಅಕ್ಷರಗಳು ಉದುರತೊಡಗಿದವು. ಆದರೆ ಅವು ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಕೊಕ್ಕೆ, ಸೊನ್ನೆ, ಗೀಟು, ತ್ರಿಶೂಲದಂಥದ್ದು, ಹಾವು ಹರಿದಂಥದ್ದು. ಎರಡು ಕಡೆಯ ವೇಗ ಹೊಂದದಿದ್ದರೆ ಹೀಗೆ ಕಸ ಬರುತ್ತದೆ ಎಂದು ಆ ಗಡ್ಡದವನು ಹೇಳಿದ್ದು ಕೊಟ್ರೇಶ್ ಅವರಿಗೆ ನೆನಪಿತ್ತು. ಆದರೆ ನೆರೆದ ಜನರ ಮುಂದೆ ಇದು ಕಸ ಎಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಮಷೀನಿನ ಹಳೇ ಭಾಷೆ ಎಂದುಬಿಟ್ಟರು.

ಅದೇ ಸಾಲದೇ? ಆ ದಿನ ಎರಡನೆಯ ಪಂಕ್ತಿಯಲ್ಲಿ ಕುಬಟೂರಿನ ಬೆನಕಪ್ಪ ಮೇಷ್ಟ್ರು ಊಟ ಮಾಡಿದ್ದರು. ನಿವೃತ್ತರಾದ ಮೇಲೆ ಅವರಿಗೆ ಶಾಸನ ಓದುವ ಹುಚ್ಚು. ಅವರ ಊರಿನ ದೇವಸ್ಥಾನಗಳ ಸುತ್ತ ಕಲ್ಲಿಗೇನೂ ಬರವಿಲ್ಲ. ಬಚ್ಚಲ ಕಲ್ಲಿನ ಮೇಲಿದ್ದ ಉಳಿಯ ಗುರುತನ್ನು ಓದಿ ಒಬ್ಬ ದಂಡನಾಯಕನ ಹೆಸರು ಹೊರಡಿಸಿದವರು ಅವರು. ಹಳೇ ಭಾಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ಜನರನ್ನು ಸರಿಸಿಕೊಂಡು ಮುಂದೆ ಬಂದು, ಕನ್ನಡಕ ಏರಿಸಿ, ಪರದೆಗೆ ಮೂಗು ತಾಗಿಸಿ ನಿಂತರು.

ಇದು ದಾನಶಾಸನ ಎಂದು ಅವರು ಸಾರಿದರು. ಮೇಲಿನ ಸಾಲಿನಲ್ಲಿ ಸೂರ್ಯಚಂದ್ರರಿದ್ದಾರೆ, ಅಂದರೆ ಸೂರ್ಯಚಂದ್ರರಿರುವವರೆಗೂ ನಡೆಯಬೇಕಾದ ದಾನ. ಇಲ್ಲಿರುವುದು ಬಟ್ಟಲು, ಇದು ಸೌಟು, ಆದ್ದರಿಂದ ಅನ್ನದಾನ. ಕೊನೆಯ ಸಾಲನ್ನು ಓದುವಾಗ ಮಾತ್ರ ಅವರು ದನಿ ತಗ್ಗಿಸಿದರು.

"ಈ ಧರ್ಮವನ್ನು ಅಳಿದವನು ಗಂಗೆಯ ತಡಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು."

ಒಬ್ಬರು ಚಪ್ಪಲಿ ಬಿಟ್ಟು ಬಂದರು. ಅವರನ್ನು ನೋಡಿ ಉಳಿದವರೂ ಬಿಟ್ಟರು. ದಿನವೂ ಊಟಕ್ಕೆ ಬರುತ್ತಿದ್ದ ರೈತರ ಮುಖದಲ್ಲಿ, ಇಷ್ಟು ದಿನ ತಾವು ಸುಮ್ಮನೆ ಉಣ್ಣುತ್ತಿರಲಿಲ್ಲ, ಒಂದು ಧರ್ಮವನ್ನು ನಡೆಸಿಕೊಂಡು ಬರುತ್ತಿದ್ದೆವು ಎಂಬ ಗಾಂಭೀರ್ಯ ಮೂಡಿತು. ಮಾತು ಬದಲಾಯಿಸುವುದು ಬೇಡ, ಒಂದು ಸಮಿತಿ ಮಾಡೋಣ ಎಂದು ಯಾರೋ ಸೂಚಿಸಿದರು. ಪರಮಶಿವಪ್ಪ ಹಣೆ ಒರೆಸಿಕೊಂಡರು. ಅವರು ಮಾತಿಗೆ ತಪ್ಪುವವರಲ್ಲ, ನಿಜ, ಆದರೆ ಸೂರ್ಯಚಂದ್ರರ ಲೆಕ್ಕದಲ್ಲಿ ಅವರು ಅಕ್ಕಿ ತರಿಸಿರಲಿಲ್ಲ. ಕೊಟ್ರೇಶ್ ಕೀಲಿಮಣೆಯ ಮೇಲೆ ಎತ್ತಿದ ಬೆರಳನ್ನು ಇಳಿಸಲೂ ಆಗದೆ ಹಿಂತೆಗೆಯಲೂ ಆಗದೆ ಕೂತರು. ಒತ್ತಿದರೆ ಸಾವಿರ ಗೋವು ಕೊಂದ ಪಾಪ, ಒತ್ತದಿದ್ದರೆ ಮಗಳ ಮದುವೆ ಇಲ್ಲ.

ಅಡಿಗೆಮನೆಯ ಬಾಗಿಲಲ್ಲಿ ಆಗ ಮೂಕಮ್ಮ ಕಾಣಿಸಿಕೊಂಡರು. ಕೈಯಲ್ಲಿ ಸೌಟು ಹಾಗೆಯೇ ಇತ್ತು.

"ಪಾಪ ಬಂದ್ರೆ ನಂಗೆ ಬರ್ಲಿ," ಎಂದರು. "ಹಂಡೆಗಟ್ಟಲೆ ಸಾರು ಕುದಿಸ್ತಾ ಇರೂದು ನಾನು. ಒತ್ತಿ ಬೀಗರೇ."

ಕೊಟ್ರೇಶ್ ಒತ್ತಿದರು. ಟರ್ಮಿನಲ್ಲಿನ ವೇಗದ ಪಟ್ಟಿಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಹಾಕುತ್ತ ಹೋದರು. ಶಾಸನ ಒಂದು ಸಲ ಹಿಗ್ಗಿತು, ಒಂದು ಸಲ ಕುಗ್ಗಿತು. ಒಂಬತ್ತು ಸಾವಿರದ ಆರುನೂರು ಎಂಬಲ್ಲಿಗೆ ಬಂದಾಗ ಕೊಕ್ಕೆ ಸೊನ್ನೆಗಳೆಲ್ಲ ಮಾಯವಾಗಿ, ಅಲ್ಲಿ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಲಾಡ್ಜಿನ ಹೆಸರೂ, ಅದರ ಕೆಳಗೆ ಪಾಸ್‌ವರ್ಡ್ ಕೊಡಿ ಎಂಬ ಸಾಲೂ ನಿಂತವು. ಎಲ್ಲರೂ ಬೆನಕಪ್ಪ ಮೇಷ್ಟ್ರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ತೀರಾ ಈಚಿನದು," ಎಂದು ಹೇಳಿ ತಮ್ಮ ಜಾಗಕ್ಕೆ ಹೋಗಿ ಕೂತರು.

ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಕೊಟ್ರೇಶ್ ಮೊದಲು ತಮ್ಮ ಊರಿನ ಹುಚ್ಚರಾಯಸ್ವಾಮಿಯನ್ನು ನೆನೆದು, ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಆ ಹೆಸರನ್ನೇ ಒತ್ತಿದರು. ತಪ್ಪು ಎಂದಿತು ಮಷೀನು. ಸೊರಬದಲ್ಲಿರುವ ಮಷೀನಿಗೆ ಶಿಕಾರಿಪುರದ ದೇವರು ಎಲ್ಲಿಯ ಸಂಬಂಧ ಎಂದು ಒಬ್ಬರು ಆಕ್ಷೇಪಿಸಿ ತಮ್ಮ ಸೀಮೆಯ ರೇಣುಕಾಂಬೆಯ ಹೆಸರು ಹಾಕಿಸಿದರು. ಅದೂ ತಪ್ಪಾಯಿತು. ಕುಬಟೂರಿನವರು ತಮ್ಮ ಕೈಟಭೇಶ್ವರನಿಗೆ ಒಂದು ಅವಕಾಶ ಸಿಗಲೇಬೇಕೆಂದು ಹಟ ಹಿಡಿದರು. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಗೇ ಅವರವರಲ್ಲಿ ಜಗಳವಾಗಿ, ಬರೆದದ್ದೆಲ್ಲ ತಪ್ಪಾಯಿತು. ದೇವರುಗಳು ಮುಗಿದು ಮನೆದೇವರುಗಳು ಶುರುವಾದವು. ಕೊಟ್ರೇಶ್ ಬೆವೆತುಹೋಗಿದ್ದರು. ಸೋತು, ಏನೂ ಬರೆಯದೆಯೇ ಮೊಣಕೈಯನ್ನು ಕೀಲಿಮಣೆಯ ಅಂಚಿಗೆ ಊರಿ ತಲೆಗೆ ಕೈಕೊಟ್ಟು ಕೂತರು. ಊರಿದ ಮೊಣಕೈ ಎಂಟರ್ ಗುಂಡಿಯ ಮೇಲಿತ್ತು. ಮಷೀನು ಒಳಗೆ ಬಿಟ್ಟುಕೊಂಡಿತು.

ಲಾಡ್ಜಿನವರು ಆ ಬಾಗಿಲಿಗೆ ಬೀಗವನ್ನೇ ಹಾಕಿರಲಿಲ್ಲ. ತಳ್ಳಿ ನೋಡಬೇಕಿತ್ತು ಎಂದಷ್ಟೇ ಹೇಳಿ ಮೂಕಮ್ಮ ಒಳಗೆ ಹೋದರು.

ಮುಂದಿನ ಕೆಲಸ ಸಲೀಸಾಗಿ ಕಂಡಿತು. ಪರದೆಯ ಮೇಲೆ ಬಂದ ಪಟ್ಟಿಯಲ್ಲಿ ಹಳೆಯ ಮಾತನ್ನು ಅಳಿಸುವುದು ಎಂದಿತ್ತು, ಕೊಟ್ರೇಶ್ ಅಳಿಸಿದರು. ಹೊಸ ಮಾತು ಹೇಳುವುದು ಎಂದಿತ್ತು, ಅದನ್ನೂ ಒತ್ತಿದರು. ಒತ್ತಿದ ಕೂಡಲೆ ಮೇಜಿನ ಮೇಲಿನ ಫೋನು ರಿಂಗಾಯಿತು. ಕೊಟ್ರೇಶ್ ಎತ್ತಿದರು. ಯಾವುದೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿ, ಕುಯ್ ಎಂದು ಒಂದು ಸದ್ದು ಬಂದು, ಆಮೇಲೆ ಮೌನವಾಯಿತು. ಯಾರೂ ಮಾತಾಡುತ್ತಿಲ್ಲವಲ್ಲ ಎಂದು ಅವರು ರಿಸೀವರನ್ನು ಮೇಜಿನ ಮೇಲೆ ಮಲಗಿಸಿದರು.

ಜನರೆಲ್ಲ ಮಜ್ಜಿಗೆ ಕುಡಿಯಲು ಪಡಸಾಲೆಗೆ ಹೋಗಿದ್ದರು. ಕೋಣೆಯಲ್ಲಿ ಪರಮಶಿವಪ್ಪ ಮತ್ತು ಅವರು ಇಬ್ಬರೇ. ಗೆದ್ದ ಗಳಿಗೆ ಅದು. ಅದೇನ್ ಮಹಾ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಆ ಮೊಣಕೈ ಇನ್ನೂ ನೋಯುತ್ತಿತ್ತು, ಮತ್ತು ಎದುರಿಗೆ ಕೂತಿದ್ದವರು ಒಂದು ಸುಳ್ಳು ಮಾತು ತಮ್ಮ ದನಿಯಲ್ಲಿ ಬಂತೆಂಬ ಕಾರಣಕ್ಕೆ ಊರಿಗೆಲ್ಲ ಅನ್ನ ಹಾಕಿದ ಮನುಷ್ಯ. ಅಂಥವರಿಗೆ ಹೆಣ್ಣು ಕೊಡುವಾಗ ಬುರುಡೆ ಬಿಟ್ಟು ಕೊಡಬಾರದು ಎಂದು ಕೊಟ್ರೇಶ್ ಅವರಿಗೆ ಮೊದಲ ಸಲ ನಾಚಿಕೆಯಾಯಿತು.

"ಬೀಗರೇ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬೇಡ್ರಿ," ಎಂದರು. "ಈ ಮಷೀನಿನ ತಲೆಬುಡ ನನಗೆ ಗೊತ್ತಿಲ್ಲ. ಆ ಮದುವೆ ಮನೆ ಮೈಕು ಸರಿ ಮಾಡಿದ್ದೂ ನಾನಲ್ಲ, ಕರೆಂಟು ಬಂದಿತ್ತು. ಹುಚ್ಚರಾಯಪ್ಪನ ಬೆಲ್ ಕೆಡಿಸಿದ್ದು ನಾನೇ. ನನ್ನ ಸುಳ್ಳು ನನಗಿರ್ಲಿ, ಹುಡುಗಿ ಮಾತ್ರ ಬಂಗಾರ. ಅವಳ ಮೇಲೆ ಇದನ್ನ ಹಾಕಬೇಡ್ರಿ."

ಪರಮಶಿವಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿಮಗೆ ಗೊತ್ತಿಲ್ಲ ಅಂತ ಮೊದಲನೇ ದಿನವೇ ಗೊತ್ತಾಗಿತ್ತು," ಎಂದರು. "ಹೋಳಿಗೆ ಬಾಯಲ್ಲಿಟ್ಕೊಂಡು ಅಷ್ಟು ಧೈರ್ಯವಾಗಿ ಮಾತಾಡೋರು ಗೊತ್ತಿಲ್ಲದೋರೇ. ಮಿಕ್ಕ ಮಾತು ಆಮೇಲೆ ಅಂದಿದ್ದು ಯಾಕೆ ಗೊತ್ತಾ? ಪಡಸಾಲೇಲಿ ಕೂರೂಕೆ ಜಾಗ ಇತ್ತಾ ಮಾರಾಯ್ರೆ? ಹುಡುಗಿ ನಮ್ಮನೆಯವಳೇ ಅಂತ ಅಮ್ಮ ಅವತ್ತೇ ಹೇಳಿಯಾಗಿದೆ."

ಕೊಟ್ರೇಶ್ ಅವರ ಎದೆಯ ಮೇಲಿಂದ ಟರ್ಮಿನಲ್ಲಿಗಿಂತ ಭಾರವಾದದ್ದೇನೋ ಇಳಿಯಿತು. ಸಂತೋಷ ಉಕ್ಕಿದಾಗ ಅವರ ದನಿ ತಾನಾಗಿ ಏರುತ್ತಿತ್ತು. ಈಗಲೂ ಏರಿತು.

"ಹಂಗಾದ್ರೆ ನಾಳೆ ಮಧ್ಯಾಹ್ನ ಶಿಕಾರಿಪುರದಾಗ ನಮ್ಮನೇಲಿ ಊಟ," ಎಂದರು. "ಪಾತ್ರೆ ಅಂಗಡಿ ಹಿಂದೇನೇ ಮನಿ. ಎಲ್ಲರೂ ಬರಬೇಕು. ಒಬ್ಬರೂ ತಪ್ಪಿಸಬಾರದು ನೋಡ್ರಿ."

ಆಗ ಚನ್ನೇಶ್ ಮಜ್ಜಿಗೆ ಲೋಟದೊಂದಿಗೆ ಒಳಗೆ ಬಂದು ಅಧ್ಯಕ್ಷರಿಗೆ ಕೆಲಸ ನೆನಪಿಸಿದರು. ಪರಮಶಿವಪ್ಪ ಮೇಜಿನ ಮೇಲೆ ಮಲಗಿದ್ದ ರಿಸೀವರನ್ನು ಎತ್ತಿ, ಯೂರಿಯಾ ಬಂದಿದೆ, ಸಂಘಕ್ಕೆ ಬಂದು ಒಯ್ಯಿರಿ ಎಂದು ಸ್ಪಷ್ಟವಾಗಿ ಹೇಳಿ ಕೆಳಗಿಟ್ಟರು. ಮಾತು ಉಳಿಸಿಕೊಂಡಿದ್ದೇನೆ ಎಂದು ಪರದೆ ತಿಳಿಸಿತು. ಪರೀಕ್ಷೆಗೆಂದು ಚನ್ನೇಶ್ ತಮ್ಮ ಮೊಬೈಲಿನಿಂದ ಸಂಘದ ನಂಬರಿಗೆ ಫೋನು ಮಾಡಿ ನೋಡಿದರು. ಎಂಗೇಜ್ ಬಂತು. ಮತ್ತೆ ಮಾಡಿದರು, ಮತ್ತೆ ಎಂಗೇಜ್. ಎಂಗೇಜ್ ಬರುತ್ತಿದೆ ಎಂದರೆ ಮಷೀನು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರ್ಥ ಎಂದು ಕೊಟ್ರೇಶ್ ವಿವರಿಸಿದರು. ಅಭ್ಯಾಸ ಒಂದೇ ದಿನಕ್ಕೆ ಬಿಡುತ್ತದೆಯೇ? ಆದರೆ ಈ ಸಲ ಅವರು ಹೇಳಿದ್ದು ನಿಜವಾಗಿತ್ತು. ಆ ಸಂಜೆಯೆಲ್ಲ ಮಷೀನಿಗೆ ಬಿಡುವೇ ಇರಲಿಲ್ಲ.

ಮರುದಿನ ನೀಲಾಂಬಿಕ ಬೀಗರ ಮನೆಯ ನಾಲ್ಕು ಜನಕ್ಕೆ ಅಡಿಗೆ ಮಾಡಿ, ಒಬ್ಬಿಬ್ಬರು ಹೆಚ್ಚಾದರೂ ಇರಲಿ ಎಂದು ಸ್ವಲ್ಪ ಹೆಚ್ಚಿಗೆ ಅಕ್ಕಿ ಹಾಕಿದ್ದರು. ಮಧ್ಯಾಹ್ನಕ್ಕೆ ಸರಿಯಾಗಿ ಪರಮಶಿವಪ್ಪ, ಮೂಕಮ್ಮ, ಹುಡುಗ, ಹುಡುಗನ ತಾಯಿ ಕಾರಿನಿಂದ ಇಳಿದರು. ಅವರ ಹಿಂದೆ ಕುಪ್ಪಗಡ್ಡೆಯ ಒಂದು ಟೆಂಪೊ ಬಂದು ನಿಂತಿತು. ಅದರ ಹಿಂದೆ ಕುಬಟೂರಿನ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಜನ ನಿಂತುಕೊಂಡೇ ಬಂದಿದ್ದರು. ಎಲ್ಲರಿಗಿಂತ ಮೊದಲು ಇಳಿದವರು ಬೆನಕಪ್ಪ ಮೇಷ್ಟ್ರು. ಧರ್ಮ ಅಳಿಯಲಿಲ್ಲ, ಸ್ಥಳ ಮಾತ್ರ ಬದಲಾಯಿತು ಎಂದು ಅವರು ಸಮಾಧಾನದಿಂದ ಹೇಳಿದರು.

ಇವರನ್ನೆಲ್ಲ ಕರೆದವರು ಯಾರು ಎಂದು ಕೊಟ್ರೇಶ್ ತೊದಲಿದರು. ನೀವೇ ಅಲ್ಲವೇ ಎಂದು ಟೆಂಪೊದವರು ಆಶ್ಚರ್ಯಪಟ್ಟು, ಸಂಘದ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಎತ್ತಿ ಹಿಡಿದರು. ಬೀದಿಗೆಲ್ಲ ಕೇಳುವ ಹಾಗೆ ಕೊಟ್ರೇಶ್ ಅವರ ದನಿ ಬಂತು. ಮಷೀನಿನ ತಲೆಬುಡ ಗೊತ್ತಿಲ್ಲ ಎಂದಿತು. ಮೈಕು ಸರಿ ಮಾಡಿದ್ದು ತಾನಲ್ಲ ಎಂದಿತು. ಹುಚ್ಚರಾಯಪ್ಪನ ಬೆಲ್ ಕೆಡಿಸಿದ್ದು ತಾನೇ ಎಂದಿತು. ಹುಡುಗಿ ಬಂಗಾರ ಎಂದಿತು. ನಡುವೆ ಪರಮಶಿವಪ್ಪನವರ ಉತ್ತರವೂ ಕೇಳಿ, ಮತ್ತೆ ನಾಳೆ ಎಲ್ಲರೂ ಊಟಕ್ಕೆ ಬರಬೇಕು ಎಂದಿತು. ಆಮೇಲೆ, ಯೂರಿಯಾ ಬಂದಿದೆ ಎಂದು ಪರಮಶಿವಪ್ಪನವರ ದನಿ ಸೇರಿಸಿತು.

ಕಿಟಕಿಯಲ್ಲಿ ನಿಂತಿದ್ದ ಗಂಗಾಶ್ರೀ ನಗುತ್ತಿದ್ದಳೋ ಅಳುತ್ತಿದ್ದಳೋ, ಕೆಳಗೆ ನಿಂತ ಹುಡುಗನಿಗೆ ಮಾತ್ರ ಸರಿಯಾಗಿ ಕಂಡಿತು. ಹುಚ್ಚರಾಯಪ್ಪ ತಮ್ಮ ಮೆಟ್ಟಿಲಿಳಿದು ಬಂದು, ಫ್ಯಾನು ತಿರುಗಿದ್ದಕ್ಕೆ ಬಾಗಿಲು ತೆಗೆದೆ, ನಮಗೂ ಊಟ ಇಲ್ಲೇನಾ ಎಂದು ಕೇಳಿದರು.

ನೀಲಾಂಬಿಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಊಟದ ಹೊತ್ತಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಮನೆ ಅವರದೂ ಅಲ್ಲ. ಅಂಗಡಿಯಿಂದ ದೊಡ್ಡ ಕೊಳಗಗಳನ್ನು ತನ್ನಿ ಎಂದು ಗಂಡನಿಗೆ ಹೇಳಿದರು. ಮಾರಾಟಕ್ಕೆ ಇಟ್ಟಿದ್ದ ಕೊಳಗಗಳು ಬೆಲೆಚೀಟಿ ಸಮೇತ ಒಲೆ ಏರಿದವು. ಮೂಕಮ್ಮ ಕೇಳದೆಯೇ ಒಳಗೆ ನಡೆದು ಒಂದು ಸೌಟು ಹುಡುಕಿಕೊಂಡರು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಮೂರನೆಯ ಪಂಕ್ತಿಯ ನಡುವೆಯೇ, ಇಷ್ಟು ಜನ ಸೇರಿರುವಾಗ ಇನ್ನೊಂದು ದಿನ ಯಾಕೆ ಎಂದು ಮದುವೆಯ ತಿಂಗಳನ್ನೂ ಗೊತ್ತುಮಾಡಿಬಿಟ್ಟರು. ಕರೆಯೋಲೆ ಅಚ್ಚು ಹಾಕಿಸುವುದೇ ಬೇಡ, ಎಲ್ಲರೂ ಇಲ್ಲೇ ಇದ್ದಾರಲ್ಲ ಎಂದರು ಪರಮಶಿವಪ್ಪ.

ಎಲ್ಲರೂ ಹೊರಟುಹೋದ ಮೇಲೆ ಕೊಟ್ರೇಶ್ ಜಗಲಿಯ ಮೇಲೆ ಕೂತರು. ಮಾನ ಹೋಯಿತೆಂದು ಎಷ್ಟು ಹುಡುಕಿದರೂ ಅವರ ಮನಸ್ಸಿಗೆ ದುಃಖ ಸಿಗಲಿಲ್ಲ. ಹಗುರವಾಗಿತ್ತು, ಹೊಟ್ಟೆಯೂ ತುಂಬಿತ್ತು. ಹಾಗೇ ಕೂತಿದ್ದವರಿಗೆ ಒಂದು ವಿಷಯ ತಟ್ಟನೆ ಹೊಳೆದು ಎದ್ದು ನಿಂತರು. ಮಷೀನು ಊಟ ನಾಳೆ ಎಂದಿದೆ. ಇವತ್ತು ಫೋನು ಮಾಡಿದವರಿಗೂ ಅದು ನಾಳೆ ಎಂದೇ ಹೇಳಿದೆ, ನಾಳೆ ಮಾಡಿದವರಿಗೂ ನಾಳೆ ಎಂದೇ ಹೇಳುತ್ತದೆ. ಬೆಳಗಿನ ಮೊದಲ ಬಸ್ಸಿಗೇ ಸೊರಬಕ್ಕೆ ಹೋಗಿ ಅಳಿಸಿ ಬರುತ್ತೇನೆ, ಈಗ ದಾರಿ ಗೊತ್ತಿದೆಯಲ್ಲ, ಅದೇನ್ ಮಹಾ ಎಂದು ಒಳಗೆ ಕೂಗಿ ಹೇಳಿದರು.

"ನೀವು ಸುಮ್ನ ಕೂಡ್ರಿ," ಎಂದರು ನೀಲಾಂಬಿಕ. "ನೀವು ಹೋಗಿ ಅಳಿಸಿದ್ರೆ ಇನ್ನೂ ನಾಲ್ಕು ಊರು ಸೇರ್ತಾವು."

ಹಾಗೆ ಹೇಳಿ, ಅವರು ನಾಳೆಯ ಹೋಳಿಗೆಗೆ ಹೊಸ ಕೊಳಗದ ತುಂಬ ಕಡಲೆಬೇಳೆ ಅಳೆದಿಟ್ಟರು.